ಕೈಗುಣ ಯಂತ್ರಕ್ಕಿಲ್ಲ, ಒಪ್ಪಿದೆ, ಮುಂದೆ ಹೇಳಿ

ಬಬಲೇಶ್ವರದಲ್ಲಿ ಒಂದು ಸಂಜೆ ನಡೆದ ಸಭೆಯಲ್ಲಿ ರೋಬೋಟ್ ಪರವಾಗಿ ನಾನಾಡಿದ ಹತ್ತು ನಿಮಿಷದ ಮಾತಿಗೆ ಬೈಗುಳ ಇನ್ನೂ ನಿಂತಿಲ್ಲ. ಟಿಕೋಟಾದ ಚಹಾದಂಗಡಿಯಲ್ಲಿ, ವಿಜಯಪುರದ ಬಸ್ಸಿನಲ್ಲಿ, ಮೊನ್ನೆ ಮದುವೆಯೂಟದ ಪಂಕ್ತಿಯಲ್ಲೂ ಒಬ್ಬರು ಕೈಹಿಡಿದು ನಿಲ್ಲಿಸಿದರು. ಹಿರಿಯರಿಗೆ ಎದುರಾಡುವುದು ನನಗೆ ಒಗ್ಗದು. ಬರೆಯಬಹುದಲ್ಲ.

ಮೊದಲು ನಿವೃತ್ತ ಮಾಸ್ತರರ ಮಾತು. "ಡಾಕ್ಟರ್‌ಗೆ ಕೈಗುಣಾ ಅಂತ ಒಂದ ಇರತೈತಿ ತಮ್ಮಾ. ಅದನ್ನ ಮಶೀನಿಗೆ ಎಲ್ಲಿಂದ ತರ್ತಿ?"

ಎಲ್ಲಿಂದಲೂ ತರುವುದಿಲ್ಲ ಸರ. ತರುವ ಜರೂರಿಲ್ಲ. ರೋಬೋಟ್ ಸರ್ಜರಿ ಎಂದರೆ ಚಾಕು ಹಿಡಿದು ನಿಂತ ಕಬ್ಬಿಣದ ಮನುಷ್ಯ ಎಂದುಕೊಂಡಿದ್ದೀರಿ. 2000ದಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ದಾ ವಿಂಚಿ ಯಂತ್ರವನ್ನೇ ನೋಡಿ. ರೋಗಿಯ ಮೇಲೆ ಬಾಗಿರುವುದು ಯಂತ್ರದ ತೋಳುಗಳು, ನಿಜ. ಆದರೆ ಅದೇ ಕೋಣೆಯಲ್ಲಿ ಕೆಲವು ಹೆಜ್ಜೆ ದೂರ ಡಾಕ್ಟರು ಕನ್ನಡಿಗೂಡಿನಂಥದ್ದರೊಳಗೆ ಮುಖ ಇಟ್ಟು, ಎರಡೂ ಕೈಯ ಬೆರಳುಗಳಲ್ಲಿ ಹಿಡಿ ಹಿಡಿದು ಕೂತಿರುತ್ತಾರೆ. ಅವರ ಬೆರಳು ತಿರುಗಿದರೆ ರೋಗಿಯ ಹೊಟ್ಟೆಯೊಳಗಿನ ಸಣ್ಣ ಚಿಮಟ ತಿರುಗುತ್ತದೆ. ಕೈ ಕೊಂಚ ನಡುಗಿದರೆ ಆ ನಡುಕವನ್ನು ಯಂತ್ರ ಸೋಸಿ ಬಿಡುತ್ತದೆ. ಡಾಕ್ಟರು ಮುಖ ಹಿಂದೆಳೆದರೆ ಸಾಕು, ತೋಳು ಇದ್ದಲ್ಲೇ ನಿಲ್ಲುತ್ತದೆ. ಕೈಗುಣ ಡಾಕ್ಟರದೇ, ಯಂತ್ರದ್ದು ಬರೀ ಕೈ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ, ಅಂದರೆ ಸರಕಾರಿ ಆಸ್ಪತ್ರೆಯಲ್ಲೇ, ಇಂಥ ಯಂತ್ರದಿಂದ ಕ್ಯಾನ್ಸರ್ ಸರ್ಜರಿ ಮಾಡಿದ್ದಾರೆ.

ಮಾಸ್ತರರು ಕೈಗುಣ ಬಿಟ್ಟು ಬೇರೊಂದು ಪ್ರಶ್ನೆ ಕೇಳಿದ್ದರೆ ನಾನು ಸಭೆಯಲ್ಲೇ ತಬ್ಬಿಬ್ಬಾಗುತ್ತಿದ್ದೆ. ಅವರ ಪರವಾಗಿ ನಾನೇ ಕೇಳಿಬಿಡುತ್ತೇನೆ: ಇಷ್ಟೊಂದು ದುಡ್ಡು ಸುರಿದರೆ ರೋಗಿಗೆ ಅಷ್ಟು ಲಾಭ ಉಂಟೇ? ಎಲ್ಲ ಕಡೆ ಇಲ್ಲ. ಗರ್ಭಕೊರಳಿನ ಕ್ಯಾನ್ಸರ್ ಬಗ್ಗೆ 2018ರಲ್ಲಿ ಹೊರಬಿದ್ದ ದೊಡ್ಡ ಅಧ್ಯಯನದಲ್ಲಿ, ಲ್ಯಾಪರೋಸ್ಕೋಪಿ ಅಥವಾ ರೋಬೋಟ್ ಮೂಲಕ ಸಣ್ಣ ತೂತಿನಿಂದ ಗರ್ಭಕೋಶ ತೆಗೆಸಿಕೊಂಡವರಿಗಿಂತ, ಹಳೇ ಪದ್ಧತಿಯಲ್ಲಿ ಹೊಟ್ಟೆ ಕೊಯ್ಸಿಕೊಂಡವರೇ ಹೆಚ್ಚು ಮಂದಿ ಬದುಕಿ ಉಳಿದರು. ಮರುವರ್ಷ, ದಾ ವಿಂಚಿಗೆ ಅನುಮತಿ ಕೊಟ್ಟಿದ್ದ ಅಮೆರಿಕದ ನಿಯಂತ್ರಣ ಸಂಸ್ಥೆಯೇ, ಸ್ತನ ಕ್ಯಾನ್ಸರಿಗೆ ರೋಬೋಟ್ ಬಳಸುವ ಮುನ್ನ ಯೋಚಿಸಿ ಎಂದು ಎಚ್ಚರಿಕೆಯನ್ನೂ ಕೊಟ್ಟಿತು. ಬೋರ್ಡಿನ ಮೇಲೆ ರೋಬೋಟ್ ಚಿತ್ರ ಕಂಡಾಕ್ಷಣ ಹೊಲ ಮಾರಿ ಓಡಬೇಡಿ. ಈ ಕಾಯಿಲೆಗೆ ಇದರಿಂದ ಏನು ಹೆಚ್ಚಿನ ಲಾಭ ಎಂದು ಡಾಕ್ಟರನ್ನು ಕೇಳಿ.

ಎರಡನೆಯವನು ನಮ್ಮ ಓಣಿಯ ಹುಡುಗ, ಸಿನಿಮಾ ಪ್ರೇಮಿ. ಅವನ ಪ್ರಕಾರ ರೋಬೋಟ್ ಇವತ್ತಲ್ಲ ನಾಳೆ ನಮ್ಮ ಮೇಲೇ ತಿರುಗಿಬೀಳುತ್ತದೆ. ರಜನಿಕಾಂತರ 2010ರ 'ಎಂದಿರನ್' ಸಾಕ್ಷಿ. (ಅದಕ್ಕೂ ಎಂಟು ವರ್ಷ ಮುಂಚೆ ಉಪೇಂದ್ರ 'ಹಾಲಿವುಡ್'ನಲ್ಲಿ ರೋಬೋಟ್ ಆಗಿದ್ದರು. ನಮ್ಮವರದನ್ನು ನಾವೇ ಮರೆತರೆ ಹೇಗೋ ತಮ್ಮಾ!) ಸರಿ, ಎಂದಿರನ್ ಕತೆಯನ್ನೇ ಹಿಡಿಯೋಣ. ಅದರೊಳಗಿನ ರೋಬೋಟ್ ಚಿಟ್ಟಿ ತಾನಾಗಿ ಕೊಲೆಗಡುಕನಾದನೇ? ಹೊಟ್ಟೆಕಿಚ್ಚಿನ ಇನ್ನೊಬ್ಬ ವಿಜ್ಞಾನಿ ಕೆಂಪು ಚಿಪ್ ತುರುಕಿದ. ಅಪರಾಧಿ ಯಾರು?

ರೋಬೋಟ್ ಎಂಬ ಹೆಸರು ಬಂದದ್ದೂ ನಾಟಕದಿಂದ. ಝೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕ. ಮರುವರ್ಷ ಪ್ರಾಗ್‌ನಲ್ಲಿ ರಂಗಕ್ಕೇರಿತು. ಪದ ಸೂಚಿಸಿದ್ದು ಅವನ ಅಣ್ಣ, ಚಿತ್ರಕಾರ ಯೋಸೆಫ್. ಅವರ ಭಾಷೆಯ 'ರೋಬೋಟಾ' ಎಂದರೆ ಧಣಿಯ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯಬೇಕಾದ ದುಡಿಮೆ. ನಮ್ಮಲ್ಲಿ ಅದಕ್ಕೆ ಬಿಟ್ಟಿ ಚಾಕರಿ ಎನ್ನುತ್ತಾರೆ. ಆ ನಾಟಕದಲ್ಲಿ ದಂಗೆ ಏಳುವುದು ಬಿಟ್ಟಿ ದುಡಿದವರು. ನನಗೇನೋ ಅದು ಯಂತ್ರದ ಕತೆ ಎನಿಸುವುದೇ ಇಲ್ಲ.

ಬಿಟ್ಟಿ ಚಾಕರಿ ಎಂದಾಗ ಮ್ಯಾನ್‌ಹೋಲ್ ನೆನಪಾಗುತ್ತದೆ. ಮನುಷ್ಯರಿಂದ ಮಲಗುಂಡಿ ಬಳಿಸಬಾರದೆಂದು 2013ರಲ್ಲೇ ಕಾನೂನಾಗಿದೆ. ಹಾಗಿದ್ದೂ ಅಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಬೇಕಾಯಿತು. ಕೇರಳದ ಇಂಜಿನಿಯರ್ ಹುಡುಗರು ಮ್ಯಾನ್‌ಹೋಲಿಗೆ ಇಳಿಯುವ ಬ್ಯಾಂಡಿಕೂಟ್ ರೋಬೋಟ್ ಮಾಡಿ ವರ್ಷಗಳಾದವು. "ಮನಷ್ಯಾರ ಕೆಲಸಾ ಕಸಗೋತೈತಿ" ಎಂದು ಸಭೆಯಲ್ಲಿ ಕೂಗಿದವರೇ, ಈ ಕೆಲಸವನ್ನು ಕಸಿದುಕೊಂಡರೆ ನಿಮಗೇನು ನಷ್ಟ?

"ಇದೆಲ್ಲಾ ಬೆಂಗಳೂರಿನ ಶೋಕಿ" ಎಂದ ಕಾಕಾ ಅವರಿಗೆ ದೊಡ್ಡ ಉತ್ತರ ಬೇಡ. ಕಾಕಾ, ನಿಮ್ಮ ಒಣದ್ರಾಕ್ಷಿ ಆರಿಸಿದ್ದು ಯಾರು? ಯಂತ್ರದ ಮುಂದೆ ನಿಂತು ನೀವೂ ನೋಡಿದ್ದೀರಿ. ಪಟ್ಟಿಯ ಮೇಲೆ ಹರಿದುಬಂದ ದ್ರಾಕ್ಷಿ ಅಂಚಿನಿಂದ ಜಾರಿ ಬೀಳುವ ಆ ಕ್ಷಣದಲ್ಲೇ ಕ್ಯಾಮೆರಾ ಒಂದೊಂದರ ಬಣ್ಣ ನೋಡುತ್ತದೆ. ಕಪ್ಪಾಗಿದ್ದರೆ ಗಾಳಿಯ ಒಂದು ಚಿಟಿಕೆ ಹೊಡೆದು ಬೇರೆ ಕ್ರೇಟಿಗೆ ತಳ್ಳುತ್ತದೆ. ಚಿಟ್ ಚಿಟ್ ಸದ್ದು ಬಿಟ್ಟರೆ ಬೇರೇನೂ ಗೊತ್ತಾಗುವುದಿಲ್ಲ. ಅದಕ್ಕೆ ಕೈಕಾಲಿಲ್ಲವೆಂದು ನೀವು ಕಲರ್ ಸಾರ್ಟರ್ ಎನ್ನುತ್ತೀರಿ, ಅಷ್ಟೇ ವ್ಯತ್ಯಾಸ. ತಾಸಗಾಂವದ ಒಣದ್ರಾಕ್ಷಿ ಸವಾಲಿನಲ್ಲಿ ಒಳ್ಳೆ ರೇಟು ಬಂದ ದಿನ ಅದನ್ನು ಯಾರೂ ಶೋಕಿ ಎನ್ನಲಿಲ್ಲ.

ಹಾಗಾದರೆ ಕೂಲಿ? ಇದೊಂದು ಆಕ್ಷೇಪಕ್ಕೆ ತೂಕವಿದೆ, ಇದನ್ನು ತೇಲಿಸಿಬಿಡಲು ನನಗೆ ಮನಸ್ಸಿಲ್ಲ. ಆ ಯಂತ್ರ ಬರುವ ಮುಂಚೆ ಕಡ್ಡಿ, ಕಪ್ಪು ಆರಿಸುತ್ತ ಹೆಂಗಸರು ಸಾಲಾಗಿ ಕೂರುತ್ತಿದ್ದರು. ಈಗ ಆ ಸಾಲು ಗಿಡ್ಡವಾಗಿದೆ. ಇನ್ನೊಂದು ಕಡೆ ಅಕ್ಟೋಬರ್ ಚಾಟ್ನಿಗೆ, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸಕ್ಕೆ, ಆಳು ಸಿಗದೆ ನಾವೇ ಪರದಾಡುತ್ತೇವೆ. ಚಾಟ್ನಿಯ ನಂತರ ದಾವಣಿ ರೋಗಕ್ಕೆ ಹೆದರಿ ಎಣ್ಣೆ ಹೊಡೆಯಲು ಶುರುವಿಟ್ಟರೆ ಸಂಜೆ ಹೊತ್ತಿಗೆ ಹೊಡೆದವನ ಕಣ್ಣು ಕೆಂಡ, ಊಟದ ತುತ್ತಿನಲ್ಲೂ ಅದೇ ವಾಸನೆ. ನನ್ನ ಮಟ್ಟಿಗೆ ರೋಬೋಟ್ ಮೊದಲು ಬರಬೇಕಾದ್ದು ಅಲ್ಲಿಗೆ. ಡ್ರೋನ್ ಇದೆಯಲ್ಲ ಎನ್ನಬೇಡಿ. ತೊಗರಿಗೆ, ಕಬ್ಬಿಗೆ ಅದು ಸೈ. ದಾವಣಿ ಬೆಳೆಯುವುದು ಎಲೆಯ ಕೆಳಮೈಯಲ್ಲಿ. ಮೇಲಿಂದ ಸುರಿದರೆ ಅಲ್ಲಿಗೆ ಮುಟ್ಟುವುದು ಕಷ್ಟ. ನಮಗೆ ಬೇಕಾದ್ದು ಚಪ್ಪರದ ಕೆಳಗೆ ತೆವಳಿ ಮೇಲಕ್ಕೆ ಸಿಂಪಡಿಸುವ ಯಂತ್ರ.

ಜಗಳ ಇರಬೇಕಾದ್ದು ಯಂತ್ರ ಯಾರ ಹೆಸರಲ್ಲಿದೆ ಎಂಬುದರ ಮೇಲೆ. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಯೋಜನೆಗೆ ಕೇಂದ್ರ ಸರಕಾರ 2023ರಲ್ಲಿ ಒಪ್ಪಿಗೆ ಕೊಟ್ಟಿತು, ಬೆಲೆಯ ಶೇ. 80ರಷ್ಟು, 8 ಲಕ್ಷದವರೆಗೆ ಸಹಾಯಧನ. ಕಲರ್ ಸಾರ್ಟರಿಗೂ ಇದೇ ಲೆಕ್ಕ ಯಾಕಾಗಬಾರದು? ಸಾಲಿನಿಂದ ಎದ್ದುಹೋದ ಹೆಂಗಸರ ಸಂಘವೇ ಯಂತ್ರದ ಮಾಲೀಕರಾಗಲಿ, ನಾವು ಕಿಲೋಕ್ಕಿಷ್ಟು ಎಂದು ಅವರಿಗೆ ಬಾಡಿಗೆ ಎಣಿಸೋಣ.

ಮುಂದಿನ ಸಭೆ ಕರೆಯುವವರಲ್ಲಿ ಒಂದು ವಿನಂತಿ. ವೇದಿಕೆಯ ಮೇಲೆ ನನ್ನನ್ನೂ ಮಾಸ್ತರರನ್ನೂ ಕೂರಿಸುವ ಬದಲು ಆ ಹೆಂಗಸರನ್ನು ಕೂರಿಸಿ. ದಿನ ಮಾತ್ರ ಚಾಟ್ನಿ ಮುಗಿದ ಮೇಲೆ ಇಡಿ. ಅಲ್ಲಿಯವರೆಗೆ ಅವರಿಗೆ ಪುರಸೊತ್ತಿಲ್ಲ.