ಸದನದಲ್ಲಿ ಕೇಳಬೇಕಾದ ಪ್ರಶ್ನೆ

'ಶಾಸಕಾಂಗವು ಕಾರ್ಯಾಂಗದ ಮೇಲೆ ನಿಗಾ ಇಡುತ್ತದೆ.' ರಾಜ್ಯಶಾಸ್ತ್ರದ ತರಗತಿಯಲ್ಲಿ ಈ ವಾಕ್ಯವನ್ನು ವರ್ಷವರ್ಷವೂ ಬರೆಸಿದ್ದೇನೆ. ಐದು ಅಂಕದ ಪ್ರಶ್ನೆ. ಸೊಸೆಯೊಬ್ಬಳ ಸಾವಿಗೂ ಈ ನಿಗಾಕ್ಕೂ ಏನು ಸಂಬಂಧ ಎಂದು ಕೇಳುವ ಗೆಳತಿಯರಿಗೆ ಬೆಂಗಳೂರಿನ ಸಂಗತಿ ಹೇಳಬೇಕು.

1997ರ ಜನವರಿಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ವರದಿಯಾದ ಹೆಂಗಸರ 550 ಅಸಹಜ ಸಾವುಗಳಲ್ಲಿ ನೂರಕ್ಕೆ ಸುಮಾರು 70ರಷ್ಟನ್ನು ಪೊಲೀಸರು 'ಅಡುಗೆಮನೆ ಅಪಘಾತ', 'ಸ್ಟೌ ಸಿಡಿತ' ಎಂದು ಮುಚ್ಚಿದ್ದರು. ಇದನ್ನು ಬಯಲಿಗೆಳೆದು ಬೀದಿಗಿಳಿದವರು ವಿಮೋಚನಾ ಸಂಘಟನೆಯ ಹೆಂಗಸರು. ಆ ದಶಕದ ಕೊನೆಗೆ ಪ್ರಮೀಳಾ ನೇಸರ್ಗಿಯವರ ಅಧ್ಯಕ್ಷತೆಯಲ್ಲಿ ವಿಧಾನಮಂಡಲದ ಜಂಟಿ ಸದನ ಸಮಿತಿಯೊಂದು ಮಹಿಳೆಯರ ಮೇಲಿನ ದೌರ್ಜನ್ಯವನ್ನು ಪರಿಶೀಲಿಸಿತು. ಇಂಥ ಸಮಿತಿ ಅಧಿಕಾರಿಯನ್ನು ಕರೆಸಬಹುದು, ಕಡತ ತರಿಸಬಹುದು. ಮಗಳನ್ನು ಕಳೆದುಕೊಂಡ ತಾಯಿಗೆ ಠಾಣೆಯಲ್ಲಿ ಕೂರಲು ಬೆಂಚೂ ಸಿಗುವುದಿಲ್ಲ.

1961ರ ವರದಕ್ಷಿಣೆ ನಿಷೇಧ ಕಾಯ್ದೆ ಯಾಕೆ ನಡೆಯುತ್ತಿಲ್ಲವೆಂದು ಹಿಂದೆ ಸಂಸತ್ತಿನ ಜಂಟಿ ಸಮಿತಿಯೂ ಕೃಷ್ಣಾ ಸಾಹಿಯವರ ಅಧ್ಯಕ್ಷತೆಯಲ್ಲಿ ವಿಚಾರಿಸಿತ್ತು. 1984 ಮತ್ತು 1986ರ ತಿದ್ದುಪಡಿಗಳು ಅದರ ಬೆನ್ನಿಗೆ ಬಂದವು. ವರದಕ್ಷಿಣೆ ನಿಷೇಧಾಧಿಕಾರಿ ಎಂಬ ಹುದ್ದೆ ಹುಟ್ಟಿದ್ದು 1986ರಲ್ಲಿ. ನಮ್ಮ ಭಾಗಕ್ಕೆ ಆ ಅಧಿಕಾರಿ ಯಾರೆಂದು ಕೆದಂಬಾಡಿಯಲ್ಲಿ ಎಷ್ಟು ಮಂದಿ ಹೇಳಬಲ್ಲೆವು?

ಪುತ್ತೂರು ಕ್ಷೇತ್ರ 2004ರಲ್ಲೂ 2013ರಲ್ಲೂ ಶಕುಂತಲಾ ಶೆಟ್ಟಿಯವರನ್ನು ಗೆಲ್ಲಿಸಿತು. ಪಕ್ಕದ ಸುಳ್ಯ 2023ರಲ್ಲಿ ಭಾಗೀರಥಿ ಮುರುಳ್ಯರನ್ನು. ಶಾಸಕರು ಹೆಣ್ಣಾಗಲಿ ಗಂಡಾಗಲಿ, ನಾವು ಅವರಲ್ಲಿ ಕೇಳುವುದು ರಸ್ತೆ, ಕಾಲುಸಂಕ. ಅವೂ ಬೇಕು. ಆದರೆ ಸದನದಲ್ಲಿ ಪ್ರಶ್ನೆ ಕೇಳಿ ಎಂದು ನಾವು ಅವರಿಗೆ ಹೇಳಿದ್ದುಂಟೇ?

ಪ್ರಶ್ನೆಯನ್ನೂ ಸರಿಯಾಗಿ ಕೇಳಬೇಕು. 'ವರದಕ್ಷಿಣೆ ಸಾವು ಎಷ್ಟು?' ಎಂದರೆ ಇಲಾಖೆ ಪೊಲೀಸರೇ ಜರಡಿ ಹಿಡಿದ ಸಣ್ಣ ಸಂಖ್ಯೆ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಮದುವೆಯಾದ ಏಳು ವರ್ಷದೊಳಗೆ ಅಸಹಜವಾಗಿ ಸತ್ತವರು ಎಷ್ಟು? ಮ್ಯಾಜಿಸ್ಟ್ರೇಟರೇ ಶವತನಿಖೆ ನಡೆಸಿದ್ದು ಎಷ್ಟರಲ್ಲಿ? ಆತ್ಮಹತ್ಯೆ, ಅಪಘಾತವೆಂದು ಮುಚ್ಚಿದ ಕಡತಗಳೆಷ್ಟು? ಹೀಗೆ ಕೇಳಬೇಕು, ತಾಲೂಕುವಾರು. ಚುಕ್ಕೆ ಗುರುತಿನ ಪ್ರಶ್ನೆಯಾಗಿ ಬಂದರೆ ಮಂತ್ರಿ ಎದ್ದುನಿಂತು ಉತ್ತರಿಸಬೇಕು, ಉಪಪ್ರಶ್ನೆಗಳಿಗೂ ತಯಾರಿರಬೇಕು. 'ಕ್ರಮ ಕೈಗೊಳ್ಳಲಾಗುವುದು' ಎಂದರೆ ಆ ಮಾತಿನ ಬೆನ್ನು ಹತ್ತಲು ಸದನದಲ್ಲಿ ಭರವಸೆಗಳ ಸಮಿತಿಯೇ ಇದೆ. ಸಮಿತಿಗಳ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೂ ಇಲಾಖೆ ತಾನೇ ಬರೆದುಕೊಟ್ಟ ಲೆಕ್ಕವನ್ನು ಆಮೇಲೆ ಅಲ್ಲಗಳೆಯುವುದು ಕಷ್ಟ.

ಮುಂದಿನ ಅಧಿವೇಶನಕ್ಕೆ ಮೊದಲೇ ಈ ಪ್ರಶ್ನೆಗಳನ್ನು ಕಾಗದದಲ್ಲಿ ಬರೆದು, ಪುತ್ತೂರಿನ ಶಾಸಕರ ಕಚೇರಿಗೆ ಒಟ್ಟಾಗಿ ಹೋಗಿ ಕೊಡೋಣ. ಸ್ವೀಕೃತಿಯ ಸಹಿ ಹಾಕಿಸಿಕೊಂಡೇ ಮರಳೋಣ.