ಬನ್ನೇರುಘಟ್ಟದ ಅಡವಿಯೂ ಅರ್ಧಕುಕ್ಕುಟೀ ನ್ಯಾಯವೂ

ಭಾನುವಾರದ ಬೆಳಿಗ್ಗೆ ಬಿಳೇಕಹಳ್ಳಿಯ ರಸ್ತೆಯ ಬದಿಯಲ್ಲಿ ನಿಂತು ನೋಡಿದವರಿಗೆ, ಬೆಂಗಳೂರಿನ ಜನಕ್ಕೆ ಅಡವಿಯ ಮೇಲೆ ಎಷ್ಟು ಪ್ರೀತಿಯೆಂಬುದು ಸ್ಪಷ್ಟವಾಗಿ ತಿಳಿದೀತು. ಬಸ್ಸುಗಳೂ ಕಾರುಗಳೂ ಒಂದರ ಬೆನ್ನಿಗೊಂದು ಬನ್ನೇರುಘಟ್ಟದ ಕಡೆಗೆ ತೆವಳುತ್ತಿರುತ್ತವೆ. ಮಕ್ಕಳು ಹುಲಿಯನ್ನು ಕಾಣಬೇಕು, ಪಟ್ಟಣದ ಹೊಗೆಯಿಂದ ಒಂದು ದಿನವಾದರೂ ಪಾರಾಗಬೇಕು. ಈ ಇಚ್ಛೆಯಲ್ಲಿ ದೋಷವೇನೂ ಇಲ್ಲ. ದೋಷವಿರುವುದು, ಈ ಇಚ್ಛೆಯಿಂದ ಬರುವ ಹಣವನ್ನು ಎಣಿಸಿಕೊಳ್ಳುತ್ತಲೇ ಅಡವಿಯ ಸುತ್ತಣ ರಕ್ಷಣೆಯನ್ನು ಸಂಕೋಚಗೊಳಿಸುವ ರಾಜನೀತಿಯಲ್ಲಿ.

ಬನ್ನೇರುಘಟ್ಟದ ರಾಷ್ಟ್ರೀಯ ಉದ್ಯಾನವು 1974ರಲ್ಲಿ ಸ್ಥಾಪಿತವಾಯಿತು. ಯಾತ್ರಿಕರು ಸಾಮಾನ್ಯವಾಗಿ ಕಾಣುವುದು ಅದರ ಬಾಗಿಲಲ್ಲಿರುವ ಜೈವಿಕ ಉದ್ಯಾನವನ್ನು ಮಾತ್ರ: ಮೃಗಾಲಯ, ಸಫಾರಿ, 2006ರಲ್ಲಿ ತೆರೆದ ಚಿಟ್ಟೆಗಳ ವನ. ಅದರಾಚೆಗಿನ ಕಾಡು ತಮಿಳುನಾಡಿನ ತಳಿಯ ಕಾಡುಗಳಿಗೂ ಕಾವೇರೀ ತೀರದ ಅಡವಿಗಳಿಗೂ ಆನೆಗಳು ನಡೆದಾಡುವ ಮಾರ್ಗವಾಗಿದೆ. ಕರಡಿಕಲ್ಲು–ಮಾದೇಶ್ವರದ ಆನೆದಾರಿಯು ಈ ಮಾರ್ಗದ ಕಂಠಪ್ರದೇಶ. ಉದ್ಯಾನದ ಸುತ್ತ ಇರಬೇಕಾದ ಪರಿಸರಸೂಕ್ಷ್ಮ ವಲಯಕ್ಕೆ 2016ರ ಕರಡಿನಲ್ಲಿ ಸುಮಾರು 269 ಚದರ ಕಿಲೋಮೀಟರುಗಳನ್ನು ಸೂಚಿಸಲಾಗಿತ್ತು. 2020ರ ಅಂತಿಮ ಪ್ರಕಟಣೆಯಲ್ಲಿ ಉಳಿದುದು ಸುಮಾರು 169. ಆನೆಯು ಕರಡನ್ನೂ ಓದಲಿಲ್ಲ, ಅಂತಿಮ ಪ್ರಕಟಣೆಯನ್ನೂ ಓದಲಿಲ್ಲ. ರಾಗಿ ತೆನೆಗಟ್ಟಿದಾಗ ಅದು ಹಳೆಯ ದಾರಿಯಲ್ಲೇ ಬರುತ್ತದೆ, ದಾರಿಯಲ್ಲಿ ಹೊಸದಾಗಿ ಎದ್ದ ಗೋಡೆಯನ್ನು ಕಂಡು ಆನೇಕಲ್ಲಿನ ಬಡ ರೈತನ ಹೊಲಕ್ಕೆ ತಿರುಗುತ್ತದೆ.

ಕೋಳಿಯ ಅರ್ಧಭಾಗವನ್ನು ಅಡಿಗೆಗೂ ಉಳಿದರ್ಧವನ್ನು ಮೊಟ್ಟೆ ಇಡುವುದಕ್ಕೂ ವಿನಿಯೋಗಿಸಹೊರಟವನ ತರ್ಕವನ್ನು ಶಾಸ್ತ್ರಜ್ಞರು ಅರ್ಧಕುಕ್ಕುಟೀ ನ್ಯಾಯವೆಂದು ಕರೆದರು. ಇಲ್ಲಿ ನಡೆದಿರುವುದು ಅದೇ.

ಇದಕ್ಕೆ ಅಧಿಕಾರವರ್ಗದವರ ಸಮಾಧಾನವು ಸಿದ್ಧವಾಗಿಯೇ ಇದೆ. ಕಾಡು ಅರಣ್ಯ ಇಲಾಖೆಯದು; ಮೃಗಾಲಯವು ಮೃಗಾಲಯ ಪ್ರಾಧಿಕಾರದ್ದು; ಯಾತ್ರಿಕರನ್ನು ಕರೆಯುವುದು ಪ್ರವಾಸೋದ್ಯಮ ಇಲಾಖೆ; ಅಂಚಿನ ಭೂಮಿಯ ಲೆಕ್ಕ ಕಂದಾಯದವರದು; ವಲಯದ ಗೆರೆಯನ್ನು ಪ್ರಕಟಿಸುವುದು ದಿಲ್ಲಿಯ ಮಂತ್ರಾಲಯ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೇಗೆ ಹೊಣೆಯಾಗುವರು? ಈ ಪೂರ್ವಪಕ್ಷವು ನಿಲ್ಲತಕ್ಕದ್ದಲ್ಲ. ತೆರಿಗೆ ಕೊಡುವಾಗ ಪ್ರಜೆಗೆ ಸರ್ಕಾರವು ಒಂದೇ ಆಗಿರುತ್ತದೆ. ಉತ್ತರ ಕೇಳುವಾಗ ಮಾತ್ರ ಅದು ಐದಾಗುವುದೇತಕ್ಕೆ?

ಶಬ್ದಾರ್ಥದಲ್ಲಿಯೂ ಒಂದು ಚಮತ್ಕಾರ ನಡೆದಿದೆ. 2023ರಲ್ಲಿ ತಿದ್ದುಪಡಿಯಾದ ಅರಣ್ಯ ಶಾಸನದಂತೆ, ಸಂರಕ್ಷಿತ ಪ್ರದೇಶಗಳ ಹೊರಗಣ ಕಾಡಿನಲ್ಲಿ ಸರ್ಕಾರದ ಮೃಗಾಲಯವನ್ನೋ ಸಫಾರಿಯನ್ನೋ ಸ್ಥಾಪಿಸಿದರೆ ಅದು ಅರಣ್ಯೇತರ ಕಾರ್ಯವಲ್ಲವಂತೆ! ಪಾಣಿನಿಯ ಕಾಲದಿಂದ ಯಾವ ವೈಯಾಕರಣನಿಗೂ ಹೊಳೆಯದ ಅರ್ಥವಿದು. 2024ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಂತಹವುಗಳಿಗೆ ತನ್ನ ಅನುಮತಿ ಬೇಕೆಂದು ಮಧ್ಯಂತರ ಆಜ್ಞೆ ಮಾಡಿ ಈ ವ್ಯಾಖ್ಯಾನಕ್ಕೆ ತಡೆ ಹಾಕಬೇಕಾಯಿತು.

ಸಹಕಾರವು ಅಸಾಧ್ಯವೆಂಬ ಮಾತೂ ಸಲ್ಲದು. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಹಸ್ರಾರು ಜನ ಮುಗಿಬಿದ್ದಾಗ ಸರ್ಕಾರವು ಚಾರಣವನ್ನು ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಒಂದು ಪಥದಲ್ಲಿ ದಿನಕ್ಕೆ 300 ಜನರನ್ನು ಮೀರಬಾರದೆಂಬ ಕಟ್ಟಳೆಯೊಡನೆ, ಮುಂಗಡ ಟಿಕೆಟ್ಟಿನ ಏಕರೀತಿಯ ವ್ಯವಸ್ಥೆಯನ್ನು ತೆರೆಯಿತು. ಬೆಟ್ಟಕ್ಕೆ ಸಲ್ಲುವ ನಿಯಮವು ಬಯಲಿಗೆ ಸಲ್ಲದೆ? ಅಮೆರಿಕದಲ್ಲಿ 2004ರ ಶಾಸನವೊಂದು ಸಾರ್ವಜನಿಕ ಭೂಮಿಗಳನ್ನಾಳುವ ಐದು ಇಲಾಖೆಗಳನ್ನು ಒಂದೇ ಸೂತ್ರಕ್ಕೆ ಪೋಣಿಸಿತು: ಯಾತ್ರಿಕನಿಗೆ ಎಲ್ಲ ಕಡೆಗೂ ಒಂದೇ ರಹದಾರಿ, ಸಂಗ್ರಹವಾದ ಶುಲ್ಕದಲ್ಲಿ ಸಾಮಾನ್ಯವಾಗಿ ನೂರಕ್ಕೆ 80ಕ್ಕೆ ಕಡಿಮೆಯಿಲ್ಲದಂತೆ ಅದು ದೊರೆತ ಸ್ಥಳಕ್ಕೇ ವಿನಿಯೋಗ. ಆ ದೇಶದ ಸಕಲವೂ ಅನುಕರಣೀಯವೆಂದು ಯಾರೂ ಹೇಳುತ್ತಿಲ್ಲ. ಲೆಕ್ಕದ ಶಿಸ್ತನ್ನು ಯಾರಿಂದ ಕಲಿತರೂ ಮೈಲಿಗೆಯಾಗದು.

ಬನ್ನೇರುಘಟ್ಟದಲ್ಲಿ ಆಗಬೇಕಾದುದೂ ಇಂತಹುದೇ. ದಿನಕ್ಕೆಷ್ಟು ಜನ, ಎಷ್ಟು ವಾಹನ ಎಂಬುದನ್ನು ಕಾಡಿನ ಸಾಮರ್ಥ್ಯವನ್ನು ನೋಡಿ ನಿಶ್ಚಯಿಸಬೇಕು, ಬೊಕ್ಕಸದ ಹಸಿವನ್ನು ನೋಡಿ ಅಲ್ಲ. ಟಿಕೆಟ್ಟಿನ ಹಣದಲ್ಲಿ ಗೊತ್ತಾದ ಪಾಲು ಆನೆ ತುಳಿದ ರಾಗಿಯ ಹೊಲಗಳಿಗೆ, ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆಯದಂತೆ, ಆಯಾ ಸುಗ್ಗಿಯಲ್ಲೇ ಸಲ್ಲಬೇಕು. ಐದು ಕಛೇರಿಗಳವರೂ ಅಂಚಿನ ಗ್ರಾಮಪಂಚಾಯತಿಯವರೂ ತಮಿಳುನಾಡಿನ ಅರಣ್ಯಾಧಿಕಾರಿಗಳೂ ವರ್ಷಕ್ಕೊಮ್ಮೆಯಾದರೂ ಒಂದೆಡೆ ಕುಳಿತು, ಕಳೆದುಹೋದ ಆ ನೂರು ಚದರ ಕಿಲೋಮೀಟರುಗಳ ಲೆಕ್ಕವನ್ನು ಬಹಿರಂಗವಾಗಿ ಒಪ್ಪಿಸಬೇಕು. ಆ ಸಭೆ ವಿಧಾನಸೌಧದಲ್ಲಿ ನಡೆಯುವುದಕ್ಕಿಂತ ಆನೇಕಲ್ಲಿನಲ್ಲಿ ನಡೆಯುವುದು ಲೇಸು.