ನಂಬಿಕೆಯೊಂದೇ ಸಾಲದು

‘ಸೇವೆ ಮಾಡುವವರಿಗೆ ಕಾನೂನಿನ ಕಿರಿಕಿರಿ ಏಕೆ, ನಂಬಿಕೆ ಸಾಲದೇ?’ ಎಂದು ಕೆಲವರು ಕೇಳುತ್ತಾರೆ. ಸಾಲದು. ನಮ್ಮ ಯುವಕ ಸಂಘ, ಮಹಿಳಾ ಮಂಡಳಿಗಳು ನೋಂದಣಿಯಾಗುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ. ಲೆಕ್ಕಪತ್ರ ಸಲ್ಲಿಸದೆ, ಚುನಾವಣೆ ನಡೆಸದೆ ಕೂತರೆ ವಿಚಾರಣೆಗೂ ಆಡಳಿತಾಧಿಕಾರಿಯ ನೇಮಕಕ್ಕೂ ಅದರಲ್ಲಿ ಅವಕಾಶವಿದೆ. ಲೈಂಗಿಕ ಕಿರುಕುಳ ತಡೆ ‘ಕಂಪನಿಗಳ ವಿಷಯ’ ಎಂಬ ಮಾತಂತೂ ಅಪಾಯಕಾರಿ. ಹತ್ತು ನೌಕರರಿದ್ದರೆ 2013ರ ಕಾಯ್ದೆಯಂತೆ ಸೇವಾಸಂಸ್ಥೆಯಲ್ಲೂ ಆಂತರಿಕ ಸಮಿತಿ ಇರಲೇಬೇಕು.

ಚಂದಾ ಎತ್ತಿ ಕೊಂಡ ನಿವೇಶನವನ್ನು ಒಂದು ಸಂಘ ನಂಬಿಕೆಯ ಮೇಲೆ ಅಧ್ಯಕ್ಷರ ಹೆಸರಿಗೇ ಬರೆಸಿತ್ತು. ಅವರು ತೀರಿಕೊಂಡ ಮೇಲೆ ಸದಸ್ಯರು ವಾರಸುದಾರರ ಬಾಗಿಲಲ್ಲಿ ಕೈಕಟ್ಟಿ ನಿಂತದ್ದನ್ನು ಕಂಡಿದ್ದೇನೆ. ಅಲ್ಲಿ ಯಾರೂ ಕಳ್ಳರಲ್ಲ. ಆ ಜಾಗ ಸಂಘದ್ದೆಂದು ಹೇಳುವ ಒಂದು ಠರಾವೂ ನಡಾವಳಿ ಪುಸ್ತಕದಲ್ಲಿ ಇರಲಿಲ್ಲ.